ಗೊತ್ತಿದೆ ಎಂದುಕೊಂಡ ಪುಸ್ತಕಗಳು

ಓದದೆಯೇ ಓದಿದಂತೆ ಅನಿಸುವ ಪುಸ್ತಕಗಳು ಎಲ್ಲ ಊರಲ್ಲೂ ಇರುತ್ತವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೆಳೆದ ನಮ್ಮಂಥವರಿಗೆ ಅವು ತುಸು ಹೆಚ್ಚು. ಚೆನ್ನಮ್ಮನ ಕತೆಯನ್ನು ಇಲ್ಲಿ ಯಾರೂ ಪುಸ್ತಕ ತೆರೆದು ತಿಳಿದುಕೊಳ್ಳಬೇಕಾಗಿಲ್ಲ. ರಾಯಣ್ಣ ಸರ್ಕಲ್ಲಿನಲ್ಲಿ ಖಡ್ಗ ಹಿಡಿದು ನಿಂತಿದ್ದಾನೆ, ಸಿನಿಮಾದಲ್ಲಿದ್ದಾನೆ, ಪ್ರತಿ ಅಕ್ಟೋಬರಿನ ಕಿತ್ತೂರು ಉತ್ಸವದ ಭಾಷಣಗಳಲ್ಲಿದ್ದಾನೆ. ಸಂಗ್ಯಾ-ಬಾಳ್ಯಾ ಆಟವನ್ನು ರಾತ್ರಿಯಿಡೀ ಕೂತು ನೋಡಿದ ಅಜ್ಜ-ಅಜ್ಜಿಯರು ನಮ್ಮ ಮನೆಗಳಲ್ಲೇ ಇದ್ದರು. ಎಲ್ಲವೂ ಕಿವಿಗೆ ಬಿದ್ದಿದೆ. ಹೀಗಾಗಿ ಈ ಕತೆಗಳು ಅಚ್ಚಾಗಿರುವ ಹಳೆಯ ಪುಸ್ತಕಗಳನ್ನು ಕೈಗೆತ್ತಿಕೊಳ್ಳುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಇಟಲಿಯ ಲೇಖಕ ಇಟಾಲೊ ಕ್ಯಾಲ್ವಿನೊ 1981ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದನ್ನೇ ತಮಾಷೆಯಾಗಿ ಹೇಳುತ್ತಾನೆ. ಹೆಸರಾಂತ ಹಳೆಯ ಕೃತಿಗಳನ್ನು ಜನ ಓದುತ್ತಿದ್ದೇವೆ ಎಂದು ಹೇಳಿಕೊಳ್ಳುವುದಿಲ್ಲವಂತೆ, ಮತ್ತೊಮ್ಮೆ ಓದುತ್ತಿದ್ದೇವೆ ಎನ್ನುತ್ತಾರಂತೆ. ಕೇಳಿ ತಿಳಿದ ಪುಸ್ತಕವನ್ನು ನಿಜವಾಗಿ ಓದಿದಾಗ ಅದು ಹೊಸದಾಗಿ ಕಾಣುತ್ತದೆ ಎಂಬ ಮಾತನ್ನೂ ಅವನು ಸೇರಿಸುತ್ತಾನೆ. ಕ್ಯಾಲ್ವಿನೊನ ಕಣ್ಣಮುಂದೆ ಇದ್ದದ್ದು ಯುರೋಪಿನ ಮಹಾಕೃತಿಗಳು. ನನ್ನ ಮುಂದಿರುವುದು ಕೆಲವು ಲಾವಣಿ, ಒಂದು ಸಣ್ಣಾಟ, ಒಬ್ಬ ಶಾಲಾ ಮಾಸ್ತರರ ಸಂಶೋಧನೆ. ಆದರೂ ಮಾತು ಹೊಂದುತ್ತದೆ. ಮೊದಲ ಓದಿನಲ್ಲಿ ನಮಗೆ ಬೇಕಾದುದನ್ನು ಪುಸ್ತಕದಿಂದ ತೆಗೆದುಕೊಳ್ಳುತ್ತೇವೆ. ಅದು ಬೇರೇನನ್ನೋ ಹೇಳುತ್ತಿತ್ತು ಎಂಬುದು ಎಷ್ಟೋ ವರ್ಷಗಳ ಮೇಲೆ, ಮತ್ತೆ ತೆರೆದಾಗ ಕೇಳಿಸುತ್ತದೆ. ಹಳೆಯ ಪುಸ್ತಕಗಳು ನನಗೆ ಕೊಟ್ಟಿರುವ ದೊಡ್ಡ ಸುಖ ಇದು. ಈ ಸುಖದಲ್ಲಿ ತುಸು ಇರಿಸುಮುರಿಸೂ ಇದೆ.

ಮೊದಲು ಲಾವಣಿಗಳ ಮಾತು. 1885ರಿಂದ ಮುಂದಿನ ಕೆಲವು ವರ್ಷಗಳಲ್ಲಿ 'ಇಂಡಿಯನ್ ಆಂಟಿಕ್ವರಿ' ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಜೆ.ಎಫ್. ಫ್ಲೀಟ್ ಅವರು ಕನ್ನಡ ಲಾವಣಿಗಳನ್ನು ಆಯ್ದು, ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಫ್ಲೀಟ್ ಮುಂಬಯಿ ಸರ್ಕಾರದ ಅಧಿಕಾರಿ, ಅದಕ್ಕಿಂತ ಹೆಚ್ಚಾಗಿ ಶಾಸನಗಳ ವಿದ್ವಾಂಸ. ಸವದತ್ತಿಯಿಂದ ಆಳಿದ ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರೂ ಅವರೇ. ಕಲ್ಲನ್ನು ಓದಿದ ಮನುಷ್ಯ ಹಾಡನ್ನೂ ಕೇಳಿಸಿಕೊಂಡರು ಎಂಬುದು ಗಮನಿಸಬೇಕಾದ ಸಂಗತಿ. ಅರಸರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಕಲ್ಲಿಗೆ ಹತ್ತದವರ ಹೆಸರು ಉಳಿಯುವುದಿದ್ದರೆ ಅದು ಹಾಡಿನಲ್ಲಿ.

ಆ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯದೊಂದು, ಹಲಗಲಿ ಬೇಡರದೊಂದು, ಸಂಗ್ಯಾನದೊಂದು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ನಿಂತ ಹಲಗಲಿಯ ಬೇಡರ ಹಾಡು ಹತ್ತನೆಯ ತರಗತಿಯ ಪಠ್ಯದಲ್ಲಿ ಬಂದಿದ್ದರಿಂದ ಈಗಿನ ವಿದ್ಯಾರ್ಥಿಗಳಿಗೂ ಪರಿಚಿತ. ಉಳಿದೆರಡೂ ಅಪ್ಪಟ ಬೈಲಹೊಂಗಲ ಸೀಮೆಯವು.

ರಾಯಣ್ಣನ ಲಾವಣಿಯನ್ನು ನಾನು ಮೊದಲು ಓದಿದ್ದು ಧಾರವಾಡದಲ್ಲಿ ಎಂ.ಎ. ಮಾಡುವಾಗ. ಆಗ ಬೇಕಾಗಿದ್ದದ್ದು ವೀರ. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಡಿಸೆಂಬರಿನಲ್ಲಿ ಕೋಟೆ ಹೋದದ್ದು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡದ್ದು, ದತ್ತುಮಗ ಶಿವಲಿಂಗಪ್ಪನ ಹೆಸರಿನಲ್ಲಿ ರಾಯಣ್ಣ ಮತ್ತೆ ಜನ ಕಟ್ಟಿದ್ದು, 1830ರಲ್ಲಿ ಸೆರೆ ಸಿಕ್ಕು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ್ದು: ಈ ಸರಣಿಯನ್ನು ತಲೆಯಲ್ಲಿಟ್ಟುಕೊಂಡೇ ಲಾವಣಿ ಓದಿದೆ. ಹಾಡು ಆ ಸರಣಿಗೆ ಒಂದು ಅಲಂಕಾರದಂತೆ ಕಂಡಿತು. ಶೌರ್ಯದ ಸಾಲುಗಳಿಗೆ ಗೆರೆ ಎಳೆದುಕೊಂಡು ಮುಂದೆ ಹೋದೆ.

ಬಹಳ ವರ್ಷದ ಮೇಲೆ ಅದನ್ನು ಇನ್ನೊಂದು ಹಳೆಯ ಪುಸ್ತಕದ ಜೊತೆ ಇಟ್ಟುಕೊಂಡು ಓದಿದೆ. ಅದು 1884ರಲ್ಲಿ ಬಂದ ಬಾಂಬೆ ಗ್ಯಾಸೆಟಿಯರಿನ ಬೆಳಗಾವಿ ಸಂಪುಟ. ಲಾವಣಿ ಅಚ್ಚಾಗುವುದಕ್ಕೆ ಒಂದೇ ವರ್ಷ ಮೊದಲಿನದು. ಎರಡೂ ಕಡೆ ಅದೇ ನೆಲ, ಅದೇ ದಂಗೆ. ಗ್ಯಾಸೆಟಿಯರ್ ಆಡಳಿತದ ಪುಸ್ತಕ. ಎಷ್ಟು ಜನ, ಯಾವ ತಿಂಗಳು, ಯಾವ ಅಧಿಕಾರಿ, ಶಾಂತಿ ಯಾವಾಗ ನೆಲೆಸಿತು ಎಂಬುವು ಅದರ ಪ್ರಶ್ನೆಗಳು. ರಾಯಣ್ಣ ಸೆರೆ ಸಿಕ್ಕರೆ ಅಂಥ ಪುಸ್ತಕದಲ್ಲಿ ಒಂದು ಪ್ರಕರಣ ಮುಗಿಯಿತು. ಹಾಡಿಕೆಯವರಿಗೆ ಸುಮ್ಮನಿರಲಾಗದ ಪ್ರಶ್ನೆ ಹುಟ್ಟುವುದೇ ಅಲ್ಲಿಂದ: ಅವನನ್ನು ಹಿಡಿದುಕೊಟ್ಟವರು ಯಾರು? ಕಂಪನಿಯ ದಂಡಿಗೆ ಸಿಗದವನು ತನ್ನವರ ಕೈಯಿಂದ ಸಿಕ್ಕ. ರಾಯಣ್ಣನ ಹಾಡುಗಳ ನೋವೆಲ್ಲ ಅಲ್ಲಿದೆ. ಉತ್ಸವದ ಭಾಷಣದಲ್ಲಿ ಈ ಭಾಗ ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಇಬ್ಬರನ್ನು ದ್ರೋಹಿಗಳೆಂದು ಬೈದು ಮುಂದೆ ಹೋಗುತ್ತೇವೆ. ಹಾಡಿದವರಿಗೆ ಅಷ್ಟು ಸುಲಭ ಇರಲಿಲ್ಲ. ಹಿಡಿದುಕೊಟ್ಟವರೂ ಹಾಡು ಕೇಳುವವರೂ ಅಕ್ಕಪಕ್ಕದ ಹಳ್ಳಿಯವರು, ಒಂದೇ ಸಂತೆಗೆ ಹೋಗುವವರು.

ಈ ಕಿವಿಯಿಂದ ಸಂಗ್ಯಾನ ಕತೆಗೆ ಬಂದರೆ ಅದು ಬೇರೆಯದಾಗಿ ಕೇಳುತ್ತದೆ.

ಕತೆ ಎಲ್ಲರಿಗೂ ಗೊತ್ತಿರುವುದೇ. ಸಂಗ್ಯಾ ಉಳ್ಳವರ ಮನೆಯ ಹುಡುಗ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಮನಸ್ಸು ಮಾಡುತ್ತಾನೆ. ಗೆಳೆಯ ಬಾಳ್ಯಾ ಜೊತೆಗಿರುತ್ತಾನೆ, ಕೊನೆಗೆ ಅದೇ ಬಾಳ್ಯಾ ಅವನನ್ನು ಬಿಟ್ಟುಕೊಡುತ್ತಾನೆ, ಈರಣ್ಣ ಮತ್ತು ಅವನ ತಮ್ಮಂದಿರ ಕೈಯಲ್ಲಿ ಸಂಗ್ಯಾ ಸಾಯುತ್ತಾನೆ. ಬೈಲಹೊಂಗಲ ಹತ್ತಿರದ ಬೈಲವಾಡದಲ್ಲಿ ನಡೆದ ಘಟನೆ ಎಂದು ನಮ್ಮ ಕಡೆ ಹೇಳುತ್ತಾರೆ. ಪತ್ತಾರ ಮಾಸ್ತರ ಎಂದೇ ಹೆಸರಾದ ಬೈಲಹೊಂಗಲದ ರಾಯಪ್ಪ ಪತ್ತಾರರು ಅದನ್ನು ಸಣ್ಣಾಟವಾಗಿ ಕಟ್ಟಿದರು. ಘೋಡಗೇರಿಯ ಚಂದ್ರಶೇಖರ ಕಂಬಾರರು ಆ ಆಟವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಅದು ನಾಡಿನ ಬೇರೆ ಕಡೆಗಳ ಓದುಗರಿಗೂ ಸಿಕ್ಕಿತು. ಸಣ್ಣಾಟದ ವಿಶೇಷ ಏನೆಂದರೆ ಅಲ್ಲಿ ದೇವರು, ದಾನವರು, ಕಿರೀಟ, ಭುಜಕೀರ್ತಿ ಇಲ್ಲ. ದೊಡ್ಡಾಟದಲ್ಲಿ ಪುರಾಣ ಇದ್ದರೆ ಇಲ್ಲಿ ನೆರೆಮನೆಯವರು. ದಪ್ಪಿನ ಬಡಿತಕ್ಕೆ ಹಾಡಿ ಕುಣಿದು ಮಾತಾಡುವವರು ನೋಡುವವರಂತೆಯೇ ಇದ್ದಾರೆ.

ಈಗ ಶೀರ್ಷಿಕೆಗಳನ್ನು ಎದುರುಬದುರು ಇಟ್ಟು ನೋಡಿ. ಫ್ಲೀಟ್ ತಮ್ಮ ಲಾವಣಿಗೆ ಇಂಗ್ಲಿಷಿನಲ್ಲಿ ಕೊಟ್ಟ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ಸಂಗ್ಯಾನ ಅಪರಾಧ ಮತ್ತು ಸಾವು' ಎಂದಾಗುತ್ತದೆ. ಅಧಿಕಾರಿಯ ಕಣ್ಣಿಗೆ ಅದು ಒಂದು ಅಪರಾಧ, ಅದಕ್ಕೆ ತಕ್ಕ ಒಂದು ಸಾವು. ಲೆಕ್ಕ ಸರಿಹೋಯಿತು. ಆಟದ ಹೆಸರು 'ಸಂಗ್ಯಾ ಬಾಳ್ಯಾ'. ಜನ ನೆನಪಿಟ್ಟುಕೊಂಡದ್ದು ಅಪರಾಧವನ್ನಲ್ಲ, ಇಬ್ಬರು ಗೆಳೆಯರನ್ನು. ಸತ್ತವನ ಜೊತೆ ಬಿಟ್ಟುಕೊಟ್ಟವನ ಹೆಸರನ್ನೂ ಕಟ್ಟಿಹಾಕಿದರು, ಒಬ್ಬನನ್ನು ಕರೆದರೆ ಇನ್ನೊಬ್ಬನೂ ಬರುವ ಹಾಗೆ. ಪರರ ಹೆಂಡತಿಯನ್ನು ಬಯಸಿದವನಿಗೆ ಏನಾಗುತ್ತದೆ ಎಂಬ ನೀತಿಪಾಠ ಆಟದಲ್ಲಿ ಇಲ್ಲವೆಂದಲ್ಲ, ಇದೆ. ಆದರೆ ರಾತ್ರಿಯಿಡೀ ಜನ ಎದ್ದು ಕೂತಿದ್ದು ಆ ಪಾಠಕ್ಕಾಗಿ ಇರಲಾರದು. ತಪ್ಪು ಮಾಡಿದವನೇ ಆದರೂ ನಂಬಿದ ಗೆಳೆಯನ ಕೈಯಲ್ಲಿ ಸಾಯುವುದನ್ನು ನೋಡಿ ಅವರ ಕರುಳು ಚುರ್ ಎಂದಿರಬೇಕು.

ರಾಯಣ್ಣ ಒಂದು ಕಡೆ, ಸಂಗ್ಯಾ ಇನ್ನೊಂದು ಕಡೆ. ಒಬ್ಬ ನಾಡಿಗಾಗಿ ಹೋರಾಡಿದವನು, ಇನ್ನೊಬ್ಬ ಪರರ ಮನೆಯ ಹೊಸ್ತಿಲು ದಾಟಿದವನು. ನಮ್ಮ ಪಠ್ಯಪುಸ್ತಕಗಳು, ಜಾನಪದದ ವರ್ಗೀಕರಣಗಳು ಇವರನ್ನು ಎಂದೂ ಒಟ್ಟಿಗೆ ಕೂರಿಸುವುದಿಲ್ಲ. ಐತಿಹಾಸಿಕ ಲಾವಣಿ ಒಂದು ಅಧ್ಯಾಯ, ಸಾಮಾಜಿಕ ಸಣ್ಣಾಟ ಇನ್ನೊಂದು. ಫ್ಲೀಟರ ಹಳೆಯ ಸಂಗ್ರಹದಲ್ಲಿ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿದ್ದಾರೆ. ಹಾಗೆ ಇಟ್ಟದ್ದರ ಹಿಂದೆ ಅವರಿಗೆ ಯಾವ ಸಿದ್ಧಾಂತವೂ ಇರಬೇಕಾಗಿಲ್ಲ, ಹಾಡುವವರ ಬಾಯಲ್ಲಿ ಎರಡೂ ಇದ್ದವು ಅಷ್ಟೇ. ಆದರೆ ಒಂದರ ಹಿಂದೆ ಒಂದು ಓದಿದಾಗ ಈ ಸೀಮೆಯ ಹಾಡಿಕೆಯವರನ್ನು ಕಾಡಿದ ಒಂದೇ ಸಂಕಟ ಎರಡರಲ್ಲೂ ಕಾಣುತ್ತದೆ. ಹೊರಗಿನ ವೈರಿಯನ್ನು ಎದುರಿಸುವುದು ಅವರಿಗೆ ಗೊತ್ತಿತ್ತು. ನಂಬಿದವನು ತಿರುಗಿಬಿದ್ದರೆ ಏನು ಮಾಡುವುದು ಎಂಬುದಕ್ಕೆ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ವೀರನ ಕತೆಯಲ್ಲೂ ಕೇಳಿದರು, ಜಾರನ ಕತೆಯಲ್ಲೂ ಕೇಳಿದರು. ಇದು ನನಗೆ ಯಾವ ವಿಮರ್ಶಾಗ್ರಂಥದಿಂದಲೂ ತಿಳಿದದ್ದಲ್ಲ, ಎರಡು ಹಳೆಯ ಪಠ್ಯಗಳನ್ನು ಒಂದೇ ವಾರದಲ್ಲಿ ಓದಿದ್ದರಿಂದ ತಿಳಿದದ್ದು.

ಇನ್ನೂ ಒಂದು ಹೆಸರು ಬಾಕಿ ಇದೆ. ಲಾವಣಿಯ ಶೀರ್ಷಿಕೆಯಲ್ಲೂ ಆಟದ ಶೀರ್ಷಿಕೆಯಲ್ಲೂ ಗಂಗಿ ಇಲ್ಲ. ಕತೆ ಹುಟ್ಟುವುದೇ ಅವಳಿಂದ. ಅವಳಿಲ್ಲದೆ ಗೆಳೆತನಕ್ಕೆ ಪರೀಕ್ಷೆಯೂ ಇಲ್ಲ, ದ್ರೋಹವೂ ಇಲ್ಲ. ಆದರೂ ಅಧಿಕಾರಿ ಅಪರಾಧವನ್ನು ನೋಡಿದ, ಊರು ಗೆಳೆತನವನ್ನು ನೋಡಿತು. ಅವಳ ಕಡೆಯಿಂದ ಈ ಆಟವನ್ನು ಓದುವ ಕೆಲಸ ಇನ್ನೂ ಸಾಕಷ್ಟು ಉಳಿದಿದೆ.

ಲಾವಣಿ, ಆಟಗಳಲ್ಲಿ ಮನುಷ್ಯರ ಹೆಸರುಗಳು ಉಳಿದರೆ, ಊರುಗಳ ಹೆಸರನ್ನೇ ಓದಲು ಹೊರಟವರು ಇದೇ ಸೀಮೆಯ ಇನ್ನೊಬ್ಬರು. ಶಂ.ಬಾ. ಜೋಶಿಯವರು 1896ರಲ್ಲಿ ಹುಟ್ಟಿದ್ದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದುಕೊಂಡು, ವಿಶ್ವವಿದ್ಯಾಲಯದ ಯಾವ ಆಸರೆಯೂ ಇಲ್ಲದೆ, ಜೀವನಪೂರ್ತಿ ಸಂಶೋಧನೆ ಮಾಡಿದರು. 1933ರಲ್ಲಿ 'ಕಣ್ಮರೆಯಾದ ಕನ್ನಡ' ಬಂತು. 'ಮಹಾರಾಷ್ಟ್ರದ ಮೂಲ', 'ಕನ್ನಡದ ನೆಲೆ', 'ಎಡೆಗಳು ಹೇಳುವ ಕಂನಾಡ ಕತೆ' ಅದರ ಬೆನ್ನಿಗೆ ಬಂದವು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. 1981ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಈ ಪುಸ್ತಕಗಳು ಹುಟ್ಟಿದ ಕಾಲವನ್ನು ನೆನಪಿಡಬೇಕು. ಆಗ ಬೈಲಹೊಂಗಲ, ಕಿತ್ತೂರು ಸಂಪಗಾಂವ ತಾಲೂಕಿನಲ್ಲಿ, ಸವದತ್ತಿ ಪರಸಗಡ ತಾಲೂಕಿನಲ್ಲಿ ಇದ್ದವು, ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದವು. ರಾಮದುರ್ಗ 1948ರವರೆಗೂ ಬೇರೆಯೇ ಸಂಸ್ಥಾನ. ಇಂದು ಬಸ್ಸಿನಲ್ಲಿ ಒಂದು ಬೆಳಗಿನೊಳಗೆ ದಾಟಬಹುದಾದ ನೆಲ ಆಗ ಎರಡು ಆಳ್ವಿಕೆಗಳಲ್ಲಿ ಹಂಚಿಹೋಗಿತ್ತು, ಕಚೇರಿಯ ಮಾತು ಎಷ್ಟೋ ಕಡೆ ಮರಾಠಿ. ಅಂಥ ಹೊತ್ತಿನಲ್ಲಿ ಒಬ್ಬ ಮಾಸ್ತರರು ಕನ್ನಡ ಒಂದು ಕಾಲಕ್ಕೆ ಗೋದಾವರಿಯವರೆಗೆ ಹೇಗೆ ಹರಡಿತ್ತು ಎಂದು ಊರ ಹೆಸರುಗಳನ್ನು ಹಿಡಿದು ತೋರಿಸುತ್ತಿದ್ದರು.

ಇಪ್ಪತ್ತರ ವಯಸ್ಸಿನಲ್ಲಿ ಅದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಗಡಿಯ ಜಗಳ ಪೇಪರಿನಲ್ಲಿ ದಿನಾ ಬರುತ್ತಿದ್ದ ಜಿಲ್ಲೆಯ ಹುಡುಗರಿಗೆ ಆ ಪುಟಗಳು ಸಾಕ್ಷಿಯ ಕಾಗದದಂತೆ ಕಾಣುವುದು ಸಹಜ. ಈಗಲೂ ಶಂಬಾ ಅವರ ಹೆಸರು ಎತ್ತುವವರು ಬಹುಮಟ್ಟಿಗೆ ಅದಕ್ಕಾಗಿಯೇ ಎತ್ತುತ್ತಾರೆ.

ಮರುಓದಿನಲ್ಲಿ ಕಂಡದ್ದು ಬೇರೆ. ಶಂಬಾ ಅವರ ವಾದದ ನಡುಮಧ್ಯದಲ್ಲಿ ಅರಸರು ಇಲ್ಲ, ಹಟ್ಟಿಕಾರರು ಇದ್ದಾರೆ. ಕುರಿ-ದನ ಮೇಯಿಸಿಕೊಂಡು ಹಟ್ಟಿ ಕಟ್ಟಿ ಬದುಕಿದ ಜನ. ಮಹಾರಾಷ್ಟ್ರದ ಬೇರಿನಲ್ಲೂ ಕರ್ನಾಟಕದ ಬೇರಿನಲ್ಲೂ ಈ ಜನರನ್ನೇ ಅವರು ಕಾಣುತ್ತಾರೆ. ಅಂದರೆ ಗಡಿಯ ಆಚೆಯವರು ಅವರ ಬರವಣಿಗೆಯಲ್ಲಿ ದಾಯಾದಿಗಳೇ ಹೊರತು ಪರಕೀಯರಲ್ಲ. ಈ ವಿಚಾರವನ್ನು ಮರಾಠಿ ಓದುಗರ ಮುಂದೆ ಮರಾಠಿಯಲ್ಲೇ ಬರೆದೂ ಇಟ್ಟರು. ಅದೇ ಪುಸ್ತಕ, ಅದೇ ಸಾಕ್ಷ್ಯ. ಇಷ್ಟು ದೂರ ನಮ್ಮದಾಗಿತ್ತು ಎಂಬ ಹೆಮ್ಮೆಗೂ ಅದು ದಾರಿ, ಇಷ್ಟು ಹತ್ತಿರದವರಾಗಿದ್ದೆವು ಎಂಬ ನಂಟಿಗೂ ಅದು ದಾರಿ. ಪುಸ್ತಕ ಎರಡನೆಯ ಮಾತನ್ನು ಮೊದಲಿನಿಂದಲೂ ಹೇಳುತ್ತಿತ್ತು.

ಅವರ ಎಲ್ಲ ನಿರ್ವಚನಗಳೂ ಇಂದು ನಿಲ್ಲುವುದಿಲ್ಲ. ಭಾಷಾಶಾಸ್ತ್ರ ಕಲಿತವರು ಕೆಲವು ಕಡೆ ಹುಬ್ಬೇರಿಸುತ್ತಾರೆ, ಎರಡು ಶಬ್ದ ಒಂದೇ ರೀತಿ ಕೇಳಿಸಿದರೆ ಸಾಕು, ನೆಂಟಸ್ತನ ಬೆಳೆಸಿಬಿಡುತ್ತಾರೆ ಎನ್ನುತ್ತಾರೆ. ಹಾಗಿದ್ದರೆ ಯಾಕೆ ಓದಬೇಕು? ಉತ್ತರಗಳು ಹಳತಾದ ಮೇಲೂ ನೋಡುವ ಕ್ರಮ ಹಳತಾಗಿಲ್ಲ ಎಂಬುದಕ್ಕೆ. ಅವರನ್ನು ಓದಿ ಕೆಳಗಿಟ್ಟ ಮೇಲೆ ಬಸ್ಸಿನ ಬೋರ್ಡು ಕೂಡ ಬರಿಯ ಬೋರ್ಡಾಗಿ ಉಳಿಯುವುದಿಲ್ಲ. ಸವದತ್ತಿ ಶಾಸನಗಳಲ್ಲಿ ಸುಗಂಧವರ್ತಿ. ಸಂಸ್ಕೃತದ ಆ ಉದ್ದ ಹೆಸರಿನಲ್ಲಿ ಪರಿಮಳ ಇದೆ. ಜನರ ಬಾಯಲ್ಲಿ ಉಳಿದದ್ದು ಗಟ್ಟಿ ದನಿಯ ಸವದತ್ತಿ. ಇವುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯನ್ನು ಕೇಳಲು ಕಲಿಸಿದವರು ಅವರು. ಇನ್ನು ಕಿತ್ತೂರು. ಹಳಗನ್ನಡದಲ್ಲಿ 'ಕಿರಿದು' ಎಂಬುದು ಸ್ವರದ ಮುಂದೆ 'ಕಿತ್ತ್' ಆಗುತ್ತದೆ. ಕಿರಿದಾದ ಈಳೆಹಣ್ಣು ಕಿತ್ತಳೆ ಆದದ್ದು ಹೀಗೆಯೇ. ಆ ಲೆಕ್ಕದಲ್ಲಿ ಕಿತ್ತೂರು ಎಂದರೆ ಸಣ್ಣ ಊರು. ನಾಡಿಗೆಲ್ಲ ಹೆಮ್ಮೆಯಾದ ಹೆಸರಿನೊಳಗೆ ಚಿಕ್ಕ ಹಳ್ಳಿಯೊಂದು ಅಡಗಿ ಕೂತಿದೆ. ವ್ಯಾಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಸೂತ್ರ ಹೀಗೆ ಊರ ಬಾಗಿಲಲ್ಲಿ ಎದುರಾದಾಗ ಆಗುವ ಖುಷಿಯೇ ಬೇರೆ.

ಕೆಲವೊಮ್ಮೆ ಪುಸ್ತಕ ಇದ್ದ ಹಾಗೇ ಇರುತ್ತದೆ, ನೆಲವೇ ಬದಲಾಗುತ್ತದೆ. ಶಂಬಾ ಎಡೆಗಳ ಕತೆ ಬರೆದಾಗ ನವಿಲುತೀರ್ಥದ ಅಣೆಕಟ್ಟು ಇರಲಿಲ್ಲ. 1970ರ ದಶಕದ ಹೊತ್ತಿಗೆ ಮಲಪ್ರಭೆಗೆ ಅಡ್ಡಲಾಗಿ ಅದು ನಿಂತಿತು, ರೇಣುಕಾಸಾಗರದ ಹಿನ್ನೀರಿಗೆ ಹಳ್ಳಿಗಳು ಸರಿದವು. ಜನ ಎತ್ತರದ ಜಾಗಕ್ಕೆ ಹೋಗುವಾಗ ಬಾಗಿಲು, ತೊಲೆ, ದೇವರುಗಳ ಜೊತೆ ಊರಿನ ಹೆಸರನ್ನೂ ಒಯ್ದರು. ಎಡೆ ಎಂದರೆ ಜಾಗ. ಜಾಗವೇ ನೀರಡಿ ಆದ ಮೇಲೆ ಹೆಸರು ಹೇಳುವ ಕತೆ ಏನು? ಹೊಳೆದಂಡೆಯ ನೆನಪಿರುವ ಹೆಸರು ಈಗ ಹೊಳೆ ಕಾಣದ ದಿಬ್ಬದ ಮೇಲಿದೆ. ಹೆಸರು ನೆಲದ ಗುರುತಾಗಿದ್ದದ್ದು ಜನರ ವಲಸೆಯ ಗುರುತಾಯಿತು. ಸಾವಿರ ವರ್ಷಗಳ ಹಿಂದಿನ ಹಟ್ಟಿಗಳ ಬಗ್ಗೆ ಶಂಬಾ ಹೇಳಲು ಹೊರಟಿದ್ದೂ ಇದನ್ನೇ ಎಂದು ಈಗ ಓದಿದರೆ ಅನಿಸುತ್ತದೆ: ಜನ ಸರಿಯುತ್ತಾರೆ, ಹೆಸರು ಅವರು ಸರಿದ ದಾರಿಯನ್ನು ಹೇಳುತ್ತದೆ. ಮೊದಲು ಊಹೆಯಂತೆ ಕಂಡದ್ದಕ್ಕೆ ನಮ್ಮ ತಾಲೂಕೇ ಒಂದು ಉದಾಹರಣೆ ಒದಗಿಸಿದೆ.

ಇಷ್ಟೆಲ್ಲ ಹೇಳಿದ್ದು ಹಳೆಯದೆಲ್ಲ ಚೆನ್ನ ಎನ್ನಲಿಕ್ಕಲ್ಲ. ಮರುಓದಿಗೆ ನಿಲ್ಲದ ಪುಸ್ತಕಗಳೇ ಹೆಚ್ಚು, ಅವನ್ನು ಮರಳಿ ಶೆಲ್ಫಿನಲ್ಲಿಟ್ಟರೆ ನಷ್ಟವಿಲ್ಲ. ಹೊಸ ಪುಸ್ತಕಗಳನ್ನು ಬಿಟ್ಟು ಹಳತಕ್ಕೆ ಅಂಟಿಕೊಳ್ಳುವ ಓದುಗನೂ ಒಂದು ಬಗೆಯ ಸೋಮಾರಿಯೇ. ನನ್ನ ಕಾಳಜಿ ಇಷ್ಟು: ಕೇಳಿ ತಿಳಿದದ್ದೇ ಓದು ಎಂದುಕೊಂಡಾಗ ನಷ್ಟ ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮದು. ಮೂರ್ತಿಯ ರಾಯಣ್ಣನಿಗೆ ಖಡ್ಗ ಇದೆ, ಹಾಡಿನ ರಾಯಣ್ಣನಿಗೆ ಸಂಗಡಿಗರೂ ಇದ್ದಾರೆ, ಅವರಲ್ಲಿ ಕೈಕೊಟ್ಟವರೂ ಇದ್ದಾರೆ. ಘೋಷಣೆಯ ಶಂಬಾ ಗಡಿ ಕೇಳುತ್ತಾರೆ, ಪುಸ್ತಕದ ಶಂಬಾ ನಂಟು ಹುಡುಕುತ್ತಾರೆ. ಮೂರ್ತಿ, ಘೋಷಣೆಗಳು ನಮ್ಮನ್ನು ಸುಮ್ಮನೆ ಒಪ್ಪಿಕೊಳ್ಳುವಂತೆ ಮಾಡುತ್ತವೆ. ಪುಸ್ತಕ ಮಾತ್ರ ವಾಪಸ್ ಪ್ರಶ್ನೆ ಹಾಕುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಹಳೆಯದನ್ನು ಒಂಟಿಯಾಗಿ ಓದಬೇಡಿ, ಜೋಡಿ ಮಾಡಿ ಓದಿ. ಗ್ಯಾಸೆಟಿಯರಿನ ಪಕ್ಕ ಲಾವಣಿ, ಲಾವಣಿಯ ಪಕ್ಕ ಆಟ, ಶಂಬಾ ಅವರ ಪಕ್ಕ ನಿಮ್ಮ ಊರಿನ ಹಿರಿಯರ ಬಾಯಿಮಾತು. ಸಾಮಗ್ರಿಗೆ ಈಗ ಕೊರತೆಯಿಲ್ಲ. ಇಂಡಿಯನ್ ಆಂಟಿಕ್ವರಿಯ ಹಳೆಯ ಸಂಪುಟಗಳು, ಗ್ಯಾಸೆಟಿಯರು ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುತ್ತವೆ. ಶಂಬಾ ಅವರ ಬರಹಗಳು ಸಂಪುಟಗಳಾಗಿ ಬಂದಿವೆ. ಶಂಬಾ ಅವರ ಕಾಗುಣಿತ, ಅವರ ಬಿಂದುಗಳು ಮೊದಲ ಹತ್ತು ಪುಟ ಕಾಡುತ್ತವೆ, ಆಮೇಲೆ ಕಣ್ಣಿಗೆ ಒಗ್ಗುತ್ತವೆ. ಅರ್ಥವಾಗದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ದಿನಾಂಕ ಬರೆದಿಡಿ. ಹತ್ತು ವರ್ಷ ಕಳೆದು ಅದೇ ಪುಟ ತೆರೆದಾಗ ಆ ಗುರುತು ಎಷ್ಟು ಮಾತಾಡುತ್ತದೆ ಎಂಬುದನ್ನು ಆಗ ನೋಡಿ.

ನನ್ನ ಸಂಗ್ಯಾ-ಬಾಳ್ಯಾ ಪ್ರತಿಯಲ್ಲಿ ಬಾಳ್ಯಾನ ಮಾತುಗಳ ಪಕ್ಕದಲ್ಲೆಲ್ಲ ಗೆರೆಗಳಿವೆ, ಎರಡು ಬಣ್ಣದ ಶಾಯಿಯಲ್ಲಿ. ಗಂಗಿಯ ಮಾತುಗಳ ಪಕ್ಕ ಜಾಗ ಇನ್ನೂ ಖಾಲಿ ಇದೆ. ಮುಂದಿನ ಓದನ್ನು ಅಲ್ಲಿಂದ ಶುರುಮಾಡಬೇಕು.